ಕೈ ಕಟ್ಟಿ ಕೂರುವ ಕೆಲಸ

ಎದುರಿಗೆ ಕೂತವರು ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿರುತ್ತಾರೆ. ಹಣೆಯಿಂದ ಬೆವರು ಇಳಿಯುತ್ತಿರುತ್ತದೆ. ಗುಂಡಿ ಕಾಜಿನ ಹತ್ತಿರ ಬರುತ್ತದೆ, ಜಾರುತ್ತದೆ. ಮತ್ತೆ ಬರುತ್ತದೆ, ಮತ್ತೆ ಜಾರುತ್ತದೆ. ನನಗೆ ಅದು ಎರಡು ಸೆಕೆಂಡಿನ ಕೆಲಸ. ಆದರೂ ನಾನು ಕೈ ಕಟ್ಟಿ ಕೂತಿರುತ್ತೇನೆ. ನನಗೆ ಸಂಬಳ ಕೊಡುವುದೇ ಅದಕ್ಕೆ.

ಇದು ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್ ಕೆಲಸ. ಕಾಯಿಲೆಯಿಂದಲೋ ಗಾಯದಿಂದಲೋ ಕೈಲಾಗದವರಿಗೆ ಉಣ್ಣುವುದು, ಬಟ್ಟೆ ಹಾಕಿಕೊಳ್ಳುವಂಥ ದಿನದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವ ಥೆರಪಿ. ಕಲಬುರಗಿಯ ಒಂದು ಥೆರಪಿ ಸೆಂಟರಿನಲ್ಲಿ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಪ್ರತಿ ಬೇಸಿಗೆ ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಓಣಿಯ ಹುಡುಗಿಯರೋ ಅವರ ಅವ್ವಂದಿರೋ ಬಂದು ಕೇಳುತ್ತಾರೆ. "ಅಕ್ಕಾ, ಆ ನಿನ್ನ ಕೋರ್ಸ್ ಹ್ಯಾಂಗ್ ಅದ? ಸೇರಿದ್ರ ನಡೀತದೇನು?" ಈ ಸಲ ಒಬ್ಬಳು ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೊ ನೋಡಿಕೊಂಡು ಬಂದಿದ್ದಳು. ಎರಡೇ ವರ್ಷದ ಓದು, ಒಳ್ಳೆ ಸಂಬಳ, ನೀಟಾದ ಯೂನಿಫಾರ್ಮು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಸೇವೆಯ ಮಾತು. ನಮ್ಮ ಜನ ನನ್ನನ್ನು ಹೊಗಳಬೇಕೆಂದರೆ "ಭಾಳ ಸೇವಾ ಮಾಡ್ತಾಳ್ರಿ" ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಸೇವೆ ಮಾಡಬೇಕೆಂದು ಈ ಕೆಲಸಕ್ಕೆ ಬಂದವರು ಜಾಸ್ತಿ ದಿನ ಉಳಿದದ್ದನ್ನು ನಾನು ನೋಡಿಲ್ಲ. ಇದು ಶರಣಬಸವೇಶ್ವರರ ಊರು, ದಾಸೋಹದ ಊರು. ಇನ್ನೊಬ್ಬರಿಗೆ ಉಣಿಸುವುದು ನಮಗೆ ದೊಡ್ಡ ಪುಣ್ಯ. ಹಾಸಿಗೆ ಹಿಡಿದ ಹಿರಿಯರಿಗೆ ಸೊಸೆ ತುತ್ತು ಮಾಡಿ ಬಾಯಿಗಿಡುತ್ತಾಳೆ. ಅದು ಪ್ರೀತಿಯೂ ಹೌದು, ನಾಲ್ಕು ಜನರ ಮುಂದೆ ಮರ್ಯಾದೆಯೂ ಹೌದು. ಅಂಥ ಮನೆಗೆ ಹೋಗಿ ನಾನು "ಇನ್ನು ಮೇಲೆ ಉಣಿಸಬೇಡಿ" ಅನ್ನಬೇಕು.

ಸೇಡಂ ಕಡೆಯ ಒಬ್ಬ ಮುತ್ಯಾ ಇದ್ದರು. ಬಲಗಡೆ ಲಕ್ವಾ ಹೊಡೆದಿತ್ತು. ಮೊದಲ ವಾರಗಳು ಎಣ್ಣೆ ತಿಕ್ಕಿಸುವುದರಲ್ಲಿ, ಪಾರಿವಾಳದ ರಕ್ತ ಹಚ್ಚಿಸುವುದರಲ್ಲಿ ಹೋಗಿದ್ದವು. ಇದು ನಮ್ಮಲ್ಲಿ ಹೊಸದಲ್ಲ, ನಿಮಗೂ ಗೊತ್ತಿರುತ್ತದೆ. ಲಕ್ವಾ ಆದ ಮೇಲೆ ಕೈ ಕಾಲು ಸುಧಾರಿಸುವುದು ಮೊದಲ ಮೂರರಿಂದ ಆರು ತಿಂಗಳಲ್ಲೇ ಜಾಸ್ತಿ. ಆ ತಿಂಗಳುಗಳನ್ನು ಪಾರಿವಾಳಕ್ಕೆ ಕೊಟ್ಟು ಬಂದವರನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲಲ್ಲ. ಬೇಗ ಬನ್ನಿ ಅಂತ ಹೇಳುವವರೇ ಅವರಿಗೆ ಸಿಕ್ಕಿರಲಿಲ್ಲ ಅನ್ನುವುದರ ಮೇಲೆ.

ಮುತ್ಯಾನ ಕೈ ಅಲ್ಪಸ್ವಲ್ಪ ಮುಷ್ಟಿ ಹಿಡಿಯುತ್ತಿತ್ತು. ಬೆರಳು ಬಿಡಿಸಲು ಬರುತ್ತಿರಲಿಲ್ಲ. ನಮ್ಮ ಥೆರಪಿಸ್ಟ್ ಮೇಡಂ ಕೇರಳದವರು. ಎಡಗೈ ಚೆನ್ನಾಗಿದೆ, ಊಟ ಅದರಲ್ಲಿ ಶುರು ಮಾಡೋಣ, ಬಲಗೈ ತಾಟು ಹಿಡಿಯಲಿ ಅಂದರು. ಪುಸ್ತಕದ ಪ್ರಕಾರ ಸರಿ. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದ ಕೂಡಲೇ ಮುತ್ಯಾ ಮುಖ ತಿರುಗಿಸಿಬಿಟ್ಟರು. "ಎಡಗೈಲೆ ಉಣ್ಣದಕಿಂತ ಉಪಾಸ ಸಾಯ್ತೀನವ್ವಾ." ಆ ಕೈ ಚೊಂಬು ಹಿಡಿಯುವ ಕೈ. ಆ ಕೈಯಲ್ಲಿ ಅನ್ನ ಮುಟ್ಟುವುದಿಲ್ಲ. ದರ್ಗಾ ಕಡೆಯ ಓಣಿಗಳಿಂದ ಬರುವ ಚಾಚಾಗಳೂ ಇದನ್ನೇ ಹೇಳುತ್ತಾರೆ, ದಖ್ಖನಿಯಲ್ಲಿ. ಈ ವಿಷಯದಲ್ಲಿ ಇಡೀ ಕಲಬುರಗಿ ಒಂದೇ.

ಮೇಡಂಗೆ ತಿಳಿಸಿದೆ. ಅವರು ಪ್ಲ್ಯಾನ್ ಬದಲಿಸಿದರು, ಊಟ ಬಲಗೈಯಲ್ಲೇ. ಚಮಚದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆವು. ಪೂರ್ತಿ ಮುಚ್ಚಲಾಗದ ಮುಷ್ಟಿಗೂ ದಪ್ಪ ಹಿಡಿ ಸಿಗುತ್ತದೆ. ಮೊದಲು ಮೆತ್ತಗಿನ ಜೋಳದ ನುಚ್ಚು. ಚಮಚದಿಂದ ಚೆಲ್ಲುವುದಿಲ್ಲ, ಅಂಟಿಕೊಂಡು ಬರುತ್ತದೆ. ತಾಟಿನ ಕೆಳಗೆ ಒದ್ದೆ ಬಟ್ಟೆ, ಜಾರದಿರಲಿ ಅಂತ. ಚಪ್ಪಟೆ ಸ್ಟೀಲ್ ತಾಟಿನಲ್ಲಿ ಊಟ ಅಂಚು ದಾಟಿ ಹೊರಗೆ ಹೋಗುತ್ತಿತ್ತು. ಅವರ ಮನೆಯ ಅಟ್ಟದ ಮೇಲೆ ಹಳೆ ಹಿತ್ತಾಳೆ ಗಂಗಾಳ ಇತ್ತು, ನೆಟ್ಟಗೆ ಎದ್ದ ಅಂಚಿನದು. ಅದನ್ನು ಇಳಿಸಿ ತೊಳೆಸಿದೆ. ಇದೇ ಕೆಲಸಕ್ಕೆ ಅಂತ ಅಂಚು ಎತ್ತಿದ ತಾಟುಗಳನ್ನು ಕಂಪನಿಗಳು ಮಾರುತ್ತವೆ. ನಮ್ಮ ಆಯಿಗಳ ಕಾಲದಿಂದ ಅಟ್ಟದ ಮೇಲೇ ಇದೆ ಮಾರಾಯ್ರೆ!

ರೊಟ್ಟಿ ಮಾತ್ರ ಉಳಿಯಿತು. ಬಿಸಿ ರೊಟ್ಟಿ ಒಂದು ಕೈಯಲ್ಲಿ ಹರಿಯುವುದು ಎಷ್ಟು ಕಷ್ಟ ಗೊತ್ತಾ? ನೀವೇ ಒಮ್ಮೆ ನೋಡಿ. ಹೆಬ್ಬೆರಳು ಹಿಡಿದುಕೊಳ್ಳಬೇಕು, ನಡುಬೆರಳು ಒತ್ತಬೇಕು, ತೋರುಬೆರಳು ಎಳೆಯಬೇಕು. ಕಡಕ್ ರೊಟ್ಟಿ ಹಾಗಲ್ಲ. ಗಂಗಾಳದಲ್ಲಿ ಇಟ್ಟು ಮುಷ್ಟಿಯಿಂದ ಒತ್ತಿದರೆ ಪುಡಿ ಆಗುತ್ತದೆ. ಮೇಲೆ ಬಿಸಿ ಬ್ಯಾಳಿ ಹಾಕಿದರೆ ನೆನೆದು ಮೆತ್ತಗಾಗುತ್ತದೆ, ಚಮಚಕ್ಕೆ ಬರುತ್ತದೆ. ಮುಷ್ಟಿ ಒತ್ತುವುದು, ಬಿಡುವುದು ಕೈಗೆ ಒಳ್ಳೆ ವ್ಯಾಯಾಮ ಕೂಡ. ಇದನ್ನು ಕೇರಳದ ಮೇಡಂಗೆ ನಾನು ಹೇಳಿಕೊಟ್ಟೆ ಅಂತ ಹೇಳಿಕೊಳ್ಳಲು ನನಗೆ ಸ್ವಲ್ಪ ಖುಷಿ.

ಸೊಸೆಗೆ ಇದ್ಯಾವುದೂ ಇಷ್ಟ ಇರಲಿಲ್ಲ. ಮುತ್ಯಾ ಅರ್ಧ ಗಂಟೆ ಕೂತು, ಎದೆ ಮೇಲೆಲ್ಲ ಬ್ಯಾಳಿ ಚೆಲ್ಲಿಕೊಂಡು ತಿನ್ನುತ್ತಿದ್ದರೆ, ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. "ಏನ್ ಹುಡುಗಿ ಅದಾಳವ್ವಾ, ಕಲ್ಲಿನಂಗ ಕುಂತಾಳ" ಅಂದಳು, ನನಗೆ ಕೇಳಿಸಲಿ ಅಂತಲೇ. ಓಣಿಯವರು ನೋಡಿದರೆ ಏನನ್ನುತ್ತಾರೆ, ಮಾವನನ್ನು ಹೀಗೆ ಬಿಟ್ಟಿದ್ದಾಳೆ ಅನ್ನುವುದಿಲ್ಲವೇ ಅನ್ನುವುದು ಅವಳ ಚಿಂತೆ. ಅವಳ ಜಾಗದಲ್ಲಿ ನಾನಿದ್ದರೂ ಅದೇ ಚಿಂತೆ ಮಾಡುತ್ತಿದ್ದೆ. ಹೀಗಾಗಿ ನನ್ನ ಅರ್ಧ ಕೆಲಸ ಮುತ್ಯಾನ ಜೊತೆ, ಅರ್ಧ ಕೆಲಸ ಸೊಸೆಯ ಜೊತೆ. ಊಟದ ಹೊತ್ತಿಗೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳಿ ಅಂದೆ. ಸಣ್ಣ ಮಾತು. ಆದರೆ ಆಮೇಲೆ ಅವಳು ಉಣಿಸುವುದನ್ನು ನಿಲ್ಲಿಸಿದಳು.

ಅಸಿಸ್ಟೆಂಟ್ ಆಗುವುದೆಂದರೆ ದಿನಾ ಇದೇ. ನೋಡಿಕೊಂಡು ಸುಮ್ಮನಿರುವುದು ಒಂದು ಕಸುಬು. ಯಾವಾಗ ಬೆರಳ ತುದಿಯಷ್ಟು ಆಸರೆ ಕೊಡಬೇಕು, ಯಾವಾಗ ತೆಗೆಯಬೇಕು ಅಂತ ಗೊತ್ತಿರಬೇಕು. ಸುಸ್ತಿನಿಂದ ಕೈ ನಡುಗುತ್ತಿದೆಯೋ, ಸಿಟ್ಟಿನಿಂದಲೋ ಅಂತ ಗುರುತಿಸಬೇಕು. ಇನ್ನೊಬ್ಬರು ಕಷ್ಟಪಡುವುದನ್ನು ಕಂಡರೆ ತಡೆದುಕೊಳ್ಳಲಾಗದ ಸ್ವಭಾವ ನಿಮ್ಮದಾದರೆ ನರ್ಸಿಂಗ್ ನೋಡಿ. ಅದೂ ಒಳ್ಳೆಯ ಕೆಲಸ, ನೌಕರಿಯೂ ಬೇಗ ಸಿಗುತ್ತದೆ.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಎಲ್ಲರೂ ಕೇಳುತ್ತಾರೆ. ಪಕ್ಕದ ಕೋಣೆಯ ಫಿಸಿಯೋ ಅಣ್ಣ ಭುಜ ಮೇಲೆ ಏಳುವ ಹಾಗೆ ಮಾಡುತ್ತಾನೆ. ಆ ಎದ್ದ ಭುಜದಿಂದ ಬನಿಯನ್ ಹಾಕಿಕೊಳ್ಳುವುದು, ಜಡೆ ಹೆಣೆಯುವುದು, ನೀರಿನ ಕೈಪಂಪು ಹೊಡೆಯುವುದು ನಮ್ಮ ಕಡೆ. ಅಷ್ಟು ಸಾಕು. ಹಾಂ, ಬನಿಯನ್ ಅಂದ ಮೇಲೆ ಒಂದು ವಿಷಯ ಹೇಳಿಯೇಬಿಡುತ್ತೇನೆ, ಯಾರ ಮನೆಯಲ್ಲಾದರೂ ಉಪಯೋಗಕ್ಕೆ ಬರಬಹುದು. ಲಕ್ವಾ ಆದವರಿಗೆ ಅಂಗಿ ಹಾಕುವಾಗ ಮೊದಲು ಸೋತ ಕೈ ತೋಳಿಗೆ ಹೋಗಬೇಕು. ತೆಗೆಯುವಾಗ ಸೋತ ಕೈ ಕೊನೆಗೆ ಬರಬೇಕು. ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರಬಹುದು. ಸೊಂಟಕ್ಕೆ ಒಂದು ವಲ್ಲಿ ಕಟ್ಟಿ ಅದನ್ನು ಹಿಡಿದು ಎಬ್ಬಿಸಿ.

ಈಗ ನಾನು ಈ ಕಡೆ ಹ್ಯಾಗೆ ಬಂದೆ ಅನ್ನುವುದು. ದೊಡ್ಡ ಕಥೆ ಏನಿಲ್ಲ. ನಮ್ಮಪ್ಪ ಶಹಾಬಾದ್ ಕಡೆ ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ನಿಮ್ಮ ಮನೆಯ ನೆಲಕ್ಕೂ ಆ ಕಲ್ಲು ಬಂದಿರಬಹುದು. ಕಲ್ಲಿನ ಕೆಳಗೆ ಸಿಕ್ಕು ಅಪ್ಪನ ಎಡಗೈಯ ಎರಡು ಬೆರಳು ಮಡಚದಂತೆ ಆದವು. ಆಪರೇಷನ್ ಆಯಿತು, ಗಾಯ ಮಾಯಿತು, ಮನೆಗೆ ಕಳಿಸಿದರು. ಆ ಕೈಯಲ್ಲಿ ಮುಂದೆ ಏನು ಮಾಡಬೇಕು, ಹ್ಯಾಗೆ ಮಾಡಬೇಕು ಅಂತ ಹೇಳುವವರು ಇರಲಿಲ್ಲ. ಅಂಥವರು ಇರುತ್ತಾರೆ ಅಂತಲೂ ನಮಗೆ ಗೊತ್ತಿರಲಿಲ್ಲ. ಪಿಯುಸಿ ಸೈನ್ಸ್ ಮುಗಿಸಿದೆ, ನೀಟ್‌ನಲ್ಲಿ ಸೀಟು ಸಿಗುವ ಅಂಕ ಬರಲಿಲ್ಲ, ಮನೆಯಲ್ಲಿ ಫೀಸಿಗೆ ದುಡ್ಡಿರಲಿಲ್ಲ. ಮಕ್ಕಳ ಥೆರಪಿ ಸೆಂಟರೊಂದರಲ್ಲಿ ಹೆಲ್ಪರ್ ಬೇಕಾಗಿದ್ದಾರೆ ಅಂದರು, ಹೋದೆ. ಆಟಿಕೆ ಒರೆಸುವುದು, ಚಾಪೆ ಹಾಸುವುದು, ಅಳುವ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ಕಾಗೆ ತೋರಿಸುವುದು.

ಆ ಮೊದಲ ಸೆಂಟರಿನ ಬಗ್ಗೆ ಹೇಳಲೇಬೇಕು, ಹೆಸರು ಬೇಡ. ಅಲ್ಲಿಗೆ ಥೆರಪಿಸ್ಟ್ ವಾರಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಬರುವುದೇ ನಿಂತಿತು. ಬೋರ್ಡಿನ ಮೇಲೆ ಹೆಸರು ಮಾತ್ರ ಹಾಗೇ ಉಳಿಯಿತು. ಮಾಲೀಕರು ನನಗೆ ಬಿಳಿ ಕೋಟು ತಂದುಕೊಟ್ಟರು. "ನೀನೇ ಅಸೆಸ್‌ಮೆಂಟ್ ಬರಿ, ಫಾರ್ಮ್ಯಾಟ್ ಅದನಲ್ಲ" ಅಂದರು. ಆಟಿಸಂ ಇರುವ ಮಕ್ಕಳ ತಂದೆ ತಾಯಿಗೆ "ಆರು ತಿಂಗಳಲ್ಲಿ ಪೂರ್ತಿ ಗುಣ" ಅಂತ ಪ್ಯಾಕೇಜ್ ಮಾರುತ್ತಿದ್ದರು. ಆಟಿಸಂ ಜ್ವರ ಅಲ್ಲ, ಗುಣ ಆಗಿ ಹೋಗುವುದಕ್ಕೆ. ಆ ಮಗು ಹಲ್ಲುಜ್ಜಲು, ಸದ್ದಿನ ನಡುವೆ ಕೂರಲು, ತನಗೆ ಬೇಕಾದ್ದನ್ನು ತೋರಿಸಲು ಕಲಿಯಬಹುದು. ಅದೇ ದೊಡ್ಡದು. ಕೋಟು ಮಡಚಿ ಟೇಬಲ್ ಮೇಲಿಟ್ಟು ಬಂದೆ. ಕೊನೆಯ ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಥೆರಪಿಸ್ಟ್ ಮತ್ತು ಅಸಿಸ್ಟೆಂಟ್ ನಡುವಿನ ಗೆರೆ ಈ ಕೆಲಸಕ್ಕೆ ಬರುವವರಿಗೆ ಮೊದಲು ಗೊತ್ತಾಗಬೇಕು. ರೋಗಿಯನ್ನು ಪರೀಕ್ಷೆ ಮಾಡಿ ಏನು ತೊಂದರೆ, ಏನು ಗುರಿ, ಯಾವ ಪ್ಲ್ಯಾನ್ ಅಂತ ತೀರ್ಮಾನ ಮಾಡುವವರು ಥೆರಪಿಸ್ಟ್. ಆ ಪ್ಲ್ಯಾನನ್ನು ದಿನದಿನ ಮಾಡಿಸುವುದು, ಕಂಡದ್ದನ್ನು ಬರೆದಿಡುವುದು, ಸಾಮಾನು ಮಾಡುವುದು, ಮನೆಯವರಿಗೆ ಕಲಿಸುವುದು ಅಸಿಸ್ಟೆಂಟ್. ಇಲ್ಲಿ ಎಲ್ಲರೂ ನನ್ನನ್ನು "ಡಾಕ್ಟರ್ ಮೇಡಂ" ಅನ್ನುತ್ತಾರೆ. ಪ್ರತಿ ಸಲ ತಿದ್ದುತ್ತೇನೆ. ತಿದ್ದುವುದು ಬಿಟ್ಟರೆ ನಮಗೇ ಅದು ನಿಜ ಅನ್ನಿಸತೊಡಗುತ್ತದೆ.

ಆಮೇಲೆ ಈಗಿನ ಮೇಡಂ ಸಿಕ್ಕರು. ಅವರು ಓದಿದ್ದು ಬಿಒಟಿ, ಅಂದರೆ ಆಕ್ಯುಪೇಷನಲ್ ಥೆರಪಿ ಡಿಗ್ರಿ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಅವರೇ ನನಗೆ ಕಮಲಾ ನಿಂಬಕರ್ ಅವರ ಬಗ್ಗೆ ಹೇಳಿದ್ದು. ಅಮೆರಿಕದಲ್ಲಿ ಹುಟ್ಟಿ, ಇಲ್ಲಿನವರನ್ನು ಮದುವೆಯಾಗಿ ಬಂದ ಹೆಣ್ಣುಮಗಳು. 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆ ಶುರು ಮಾಡಿದರು. 1952ರಲ್ಲಿ ಥೆರಪಿಸ್ಟ್‌ಗಳ ಅಖಿಲ ಭಾರತ ಸಂಘ ಆಯಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಮುಂಬೈ ಇಲ್ಲಿಂದ ಒಂದು ರಾತ್ರಿಯ ರೈಲು ದಾರಿ. ಆದರೆ ನಮ್ಮಪ್ಪನ ಕೈಗೆ ಗಾಯವಾದಾಗ ಆ ಶಾಲೆಗೆ ಅರ್ಧ ಶತಮಾನ ದಾಟಿತ್ತು, ಆ ಹೆಸರು ನಮ್ಮ ಖಣಿಗೆ ಬಂದೇ ಇರಲಿಲ್ಲ.

ಮೇಡಂ ಹೇಳಿದ ಮೇಲೆ ನಾನು ಸಿಬಿಐಡಿ ಅನ್ನುವ ಆರು ತಿಂಗಳ ಸರ್ಟಿಫಿಕೇಟ್ ಮಾಡಿಕೊಂಡೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ 2021ರಲ್ಲಿ ತಂದದ್ದು. ಹಳ್ಳಿ ಮಟ್ಟದಲ್ಲಿ ಅಂಗವಿಕಲರ ಜೊತೆ ಕೆಲಸ ಮಾಡುವವರಿಗಾಗಿ ಇರುವ ಕೋರ್ಸ್. ಅದರಿಂದ ನಾನು ಥೆರಪಿಸ್ಟ್ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಯಾವ ಮಗುವಿಗೆ ಯಾವ ಕಾರ್ಡ್, ಯಾವ ಆಫೀಸು, 2016ರ ಕಾನೂನಿನ 21 ಬಗೆಯ ಅಂಗವೈಕಲ್ಯದಲ್ಲಿ ಯಾವುದು ಬರುತ್ತದೆ ಅಂತ ತಿಳಿಯಿತು. ನಮ್ಮ ಸೆಂಟರಿಗೆ ಬರುವ ತಾಯಂದಿರಿಗೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ತುಂಬಿಕೊಡುವುದೂ ಈಗ ನನ್ನದೇ ಕೆಲಸ.

ಅಮೆರಿಕದ ವಿಡಿಯೊ ನೋಡಿದ ಹುಡುಗಿಗೆ ಇಲ್ಲೇ ಉತ್ತರ ಕೊಡುತ್ತೇನೆ. ಅಲ್ಲಿ ಈ ಹುದ್ದೆಗೆ ಒಂದು ಸರಿಯಾದ ದಾರಿ ಇದೆ. ಮಾನ್ಯತೆ ಪಡೆದ ಕಾಲೇಜಿನಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಅದರಲ್ಲಿ ಕೊನೆಗೆ ಕನಿಷ್ಠ 16 ವಾರ ಆಸ್ಪತ್ರೆ, ಶಾಲೆಗಳಲ್ಲಿ ಪೂರ್ಣ ಹೊತ್ತಿನ ತರಬೇತಿ. ಆಮೇಲೆ ಎನ್‌ಬಿಸಿಒಟಿ ಅನ್ನುವ ಸಂಸ್ಥೆ ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆ, ಆಮೇಲೆ ಆಯಾ ರಾಜ್ಯದ ಲೈಸೆನ್ಸ್. ಥೆರಪಿಸ್ಟ್ ಉಸ್ತುವಾರಿಯಲ್ಲೇ ಕೆಲಸ. ನಮ್ಮ ಯಾವುದೋ ಸರ್ಟಿಫಿಕೇಟ್ ಹಿಡಿದು ಆ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಅವರು ಮಾನ್ಯ ಮಾಡಿದ ಕೋರ್ಸನ್ನೇ ಮುಗಿಸಿರಬೇಕು. ಇಲ್ಲಿಂದ ಅಸಿಸ್ಟೆಂಟ್ ಆಗಿ ಹಾರುತ್ತೇನೆ ಅನ್ನುವ ಕನಸಿದ್ದರೆ ಈಗಲೇ ಬಿಡು ತಂಗಿ. ಪೂರ್ತಿ ಥೆರಪಿಸ್ಟ್ ಡಿಗ್ರಿ ಮಾಡಿದವರ ಲೆಕ್ಕ ಬೇರೆ.

ನಮ್ಮಲ್ಲಿ ಅಸಿಸ್ಟೆಂಟ್ ಅನ್ನುವುದು ಸುತ್ತುದಾರಿಯಿಂದ ಬರುವ ಕೆಲಸ. 1992ರ ಆರ್‌ಸಿಐ ಕಾಯ್ದೆಯ ಪಟ್ಟಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಥೆರಪಿಸ್ಟ್ ಇದ್ದಾರೆ, ವಿಶೇಷ ಶಿಕ್ಷಕರಿದ್ದಾರೆ, ಆಕ್ಯುಪೇಷನಲ್ ಥೆರಪಿಸ್ಟ್ ಇಲ್ಲ. ಅವರು ಬರುವುದು 2021ರ ಅಲೈಡ್ ಆಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾನೂನಿನಲ್ಲಿ. ಆ ಕಾನೂನು ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಕನಿಷ್ಠ 2000 ಗಂಟೆಯ ಓದು ಕೇಳುತ್ತದೆ, ಎರಡರಿಂದ ನಾಲ್ಕು ವರ್ಷದಲ್ಲಿ. ಹೆಲ್ತ್‌ಕೇರ್ ಪ್ರೊಫೆಷನಲ್ ಆಗಲು ಕನಿಷ್ಠ 3600 ಗಂಟೆ. ಈ ಎರಡು ಅಂಕಿ ತಲೆಯಲ್ಲಿ ಇಟ್ಟುಕೊಂಡರೆ ಸಾಕು. "ಮೂರು ತಿಂಗಳಲ್ಲಿ ಓಟಿ (ಆಕ್ಯುಪೇಷನಲ್ ಥೆರಪಿ) ಡಿಪ್ಲೊಮಾ, ನೂರಕ್ಕೆ ನೂರು ಜಾಬ್" ಅಂತ ಕಂಬಕ್ಕೆ ಹಚ್ಚಿದ ಪೋಸ್ಟರ್ ಓದಿದ ಕೂಡಲೇ ಲೆಕ್ಕ ಹಾಕಬಹುದು. ದಿನಕ್ಕೆ ಆರು ಗಂಟೆ ಒಂದೂ ರಜೆ ಇಲ್ಲದೆ ಕೂತರೂ ಮೂರು ತಿಂಗಳಿಗೆ 600 ಗಂಟೆ ಆಗುವುದಿಲ್ಲ.

ಕೆಲಸ ಎಲ್ಲಿ ಸಿಗುತ್ತದೆ? ನಮ್ಮಂಥ ಖಾಸಗಿ ಸೆಂಟರುಗಳು, ವಿಶೇಷ ಶಾಲೆಗಳು, ಎನ್‌ಜಿಒಗಳು. ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮದಲ್ಲಿ, ಅದು 2013ರಲ್ಲಿ ಬಂದದ್ದು, ಮಕ್ಕಳ ಬೆಳವಣಿಗೆಯ ತೊಂದರೆ ನೋಡಲು ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಅಲ್ಲಿ ಗುತ್ತಿಗೆ ಮೇಲೆ ತಗೊಳ್ಳುತ್ತಾರೆ, ಆದರೆ ಬಹಳ ಹುದ್ದೆಗೆ ಡಿಗ್ರಿ ಕೇಳುತ್ತಾರೆ. ಹಳ್ಳಿ ಕಡೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಪಂಚಾಯಿತಿ ಮಟ್ಟದಲ್ಲಿ, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂತ ತಾಲ್ಲೂಕು ಮಟ್ಟದಲ್ಲಿ ಇದ್ದಾರೆ. ಅವರಿಗೆ ಸಿಗುವುದು ಗೌರವಧನ, ಸಂಬಳ ಅಲ್ಲ. ನನ್ನ ಮೊದಲ ಸಂಬಳ ಆರು ಸಾವಿರ. ಈಗ ಹದಿನಾಲ್ಕು. ಮನೆ ಭೇಟಿಗೆ ಬೇರೆ ಸಿಗುತ್ತದೆ. ಸೂಪರ್ ಮಾರ್ಕೆಟ್ ಅನ್ನುವ ನಮ್ಮ ಬಜಾರಿನ ಸೀರೆ ಅಂಗಡಿಯಲ್ಲಿ ನಿಲ್ಲುವ ನನ್ನ ಗೆಳತಿಗೂ ಹೆಚ್ಚುಕಮ್ಮಿ ಅಷ್ಟೇ ಇದೆ, ಅವಳಿಗೆ ದೀಪಾವಳಿಗೆ ಬೋನಸ್ ಬೇರೆ. ಇದನ್ನು ಮುಚ್ಚಿಟ್ಟು ಯಾರನ್ನೂ ಕರೆಯಲು ನನಗೆ ಇಷ್ಟವಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತಿದೆ. ಇದು ಮುಟ್ಟುವ ಕೆಲಸ. ಗಂಡಸರ ಕೈ, ಭುಜ, ಸೊಂಟ ಹಿಡಿಯಬೇಕು. ಸ್ನಾನ, ಸಂಡಾಸಿನ ಅಭ್ಯಾಸವನ್ನೂ ಹೇಳಿಕೊಡಬೇಕು. ನನ್ನ ಮದುವೆ ಮಾತುಕತೆಯಲ್ಲಿ ಇದೇ ಬಂತು. "ಗಂಡಸರಿಗಿ ಮುಟ್ಟಿ ಕೆಲಸ ಮಾಡ್ತಾಳಂತ" ಅಂತ ಒಂದು ಮನೆಯವರು ಹಿಂದೆ ಸರಿದರು. ನಮ್ಮವ್ವ ಅತ್ತಳು, ನನಗೆ ಅಷ್ಟೇನೂ ಅನ್ನಿಸಲಿಲ್ಲ. ನರ್ಸಮ್ಮನಿಗೆ ಬಿಳಿ ಬಟ್ಟೆಯ ಬಲ ಇದೆ, ಊರಿಗೇ ಗೊತ್ತಿರುವ ಹೆಸರಿದೆ. ನಮಗೆ ಅದು ಇಲ್ಲ. ನಾನು ಮಾಡಿಕೊಂಡ ಪದ್ಧತಿ ಹೀಗಿದೆ. ಮನೆಯವರೊಬ್ಬರು ಜೊತೆಗಿರಬೇಕು, ಏನು ಮಾಡುತ್ತೇನೆ ಅಂತ ಮುಟ್ಟುವ ಮೊದಲೇ ಹೇಳುತ್ತೇನೆ, ಸಂಡಾಸಿನ ವಿಷಯ ಗಂಡಸರಿಗೆ ಸಾಧ್ಯವಾದಷ್ಟು ಫಿಸಿಯೋ ಅಣ್ಣ ಹೇಳುತ್ತಾನೆ. ಇದರ ಜೊತೆಗೆ ಬೆನ್ನುನೋವು ಸೇರಿಸಿಕೊಳ್ಳಿ. ಎಂಬತ್ತು ಕಿಲೋ ತೂಕದ ಕಾಕಾನನ್ನು ಕುರ್ಚಿಯಿಂದ ಮಂಚಕ್ಕೆ ಸರಿಸುವಾಗ ಮಂಡಿ ಬಗ್ಗಿಸದೆ ಬೆನ್ನು ಬಗ್ಗಿಸಿದರೆ ಮೂವತ್ತಕ್ಕೇ ಸೊಂಟ ಹೋಗುತ್ತದೆ.

ಇಷ್ಟೆಲ್ಲ ಹೇಳಿ ನೀನು ಯಾಕೆ ಬಿಟ್ಟಿಲ್ಲ ಅಂತ ಕೇಳಬಹುದು. ಕೆಲಸದಲ್ಲಿ ತಲೆ ಓಡುತ್ತದೆ, ಅದಕ್ಕೆ. ಪ್ರತಿಯೊಬ್ಬರ ಬದುಕು ಬೇರೆ, ಹಾಗಾಗಿ ಪ್ರತಿಯೊಬ್ಬರ ಥೆರಪಿಯೂ ಬೇರೆ.

ಬೀದರ್‌ನಿಂದ ಒಬ್ಬ ಬಿದ್ರಿ ಕೆಲಸದ ಚಾಚಾ ಬರುತ್ತಿದ್ದರು. ಅಂಗೈಯಲ್ಲಿ ಗಾಜು ಹೊಕ್ಕು ಬೆರಳಿನ ಸ್ನಾಯುರಜ್ಜು ಕಡಿದು, ಹೊಲಿಗೆ ಆಗಿತ್ತು. ಬಿದ್ರಿ ಅಂದರೆ ಸತು ತಾಮ್ರದ ಪಾತ್ರೆಯ ಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುವುದು. ಕೊನೆಗೆ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುತ್ತಾರೆ. ಅವರಿಗೆ ಗುಂಡಿ ಹಾಕುವ, ಊಟ ಮಾಡುವ ಗುರಿ ಬೇಕಿರಲಿಲ್ಲ, ಅದನ್ನೆಲ್ಲ ಹೇಗೋ ಮಾಡಿಕೊಳ್ಳುತ್ತಿದ್ದರು. "ಛೇಣಿ ಪಕಡ್‌ನಾ ಹೈ, ಬಸ್" ಅಂತಿದ್ದರು. ಉಳಿ ಹಿಡಿಯಬೇಕು, ಅಷ್ಟೇ. ಹೊಲಿಗೆ ಹಾಕಿದ ರಜ್ಜಿಗೆ ಬೇಗ ಭಾರ ಬಿದ್ದರೆ ಹರಿಯುತ್ತದೆ. ಸುಮ್ಮನೆ ಬಿಟ್ಟರೆ ಅಂಟಿಕೊಂಡು ಬೆರಳು ಮರಗಟ್ಟುತ್ತದೆ. ಈ ಎರಡರ ನಡುವೆ ಇಷ್ಟಿಷ್ಟೇ ಅಲುಗಾಡಿಸಬೇಕು. ಎಷ್ಟು ಅನ್ನುವುದನ್ನು ಸರ್ಜನ್ ಮತ್ತು ಮೇಡಂ ಗೊತ್ತು ಮಾಡುತ್ತಾರೆ, ಆ ಗಡಿ ದಾಟದಂತೆ ಕಾಯುವುದು ನಾನು. ಭಾರ ಹಾಕಬಹುದು ಅಂತ ಆದ ಮೇಲೆ ಮೊದಲು ಸೋಪಿನ ಮೇಲೆ ಗೆರೆ ಎಳೆಸಿದೆವು. ಆಮೇಲೆ ಮೇಣ. ಅವರ ಉಳಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆವು. ಚಾಚಾ ಸೋಪಿನ ಮೇಲೂ ಬಳ್ಳಿ ಹೂವನ್ನೇ ಕೆತ್ತುತ್ತಿದ್ದರು. ನೇರ ಗೆರೆ ಎಳೆಯಿರಿ ಅಂದರೆ ಬೇಜಾರು ಅವರಿಗೆ.

ನಮ್ಮ ಬೇಸಿಗೆಯ ಸಮಸ್ಯೆಯೇ ಬೇರೆ. ಕೈ ಸೊಟ್ಟಗಾಗದಂತೆ ಹಾಕುವ ಸ್ಪ್ಲಿಂಟ್ ಒಂದು ಬಗೆಯ ಪ್ಲಾಸ್ಟಿಕ್. ಬಿಸಿನೀರಿನಲ್ಲಿ, 65-70 ಡಿಗ್ರಿ ಸುಮಾರಿಗೆ, ಮೆತ್ತಗಾಗುತ್ತದೆ. ಆಗ ಕೈಗೆ ಒತ್ತಿ ಆಕಾರ ಕೊಡುತ್ತೇವೆ. ನಮ್ಮಲ್ಲಿ ಮೇ ತಿಂಗಳು 43, 44 ಡಿಗ್ರಿ ಇರುತ್ತದೆ. ಒಬ್ಬ ಅಕ್ಕ ಸ್ಪ್ಲಿಂಟ್ ತೊಳೆದು ತಗಡಿನ ಪತ್ರಾ ಮೇಲೆ ಒಣಗಿಸಲು ಇಟ್ಟಳು. ಸಂಜೆ ನೋಡಿದರೆ ಅದು ಯಾರ ಕೈಗೂ ಕೂರದ ಆಕಾರಕ್ಕೆ ಬಂದಿತ್ತು. ಹೊಸದು ಮಾಡಲು ಮತ್ತೆ ದುಡ್ಡು. ಈಗ ಸ್ಪ್ಲಿಂಟ್ ಕೊಡುವಾಗ ನಾನು ಹೇಳುವ ಮೊದಲ ಮಾತೇ "ಬಿಸಿಲಿಗಿ ಇಡಬ್ಯಾಡ್ರಿ". ಬೆವರಿನಿಂದ ಒಳಗೆ ಚರ್ಮ ಕೆಂಪಾಗುತ್ತದೆ. ಒಳಗೆ ಹಳೆ ಕಾಟನ್ ಬನಿಯನ್ ತುಂಡು ಹಾಕಿ, ಆಗಾಗ ತೆಗೆದು ನೋಡಿ ಅನ್ನುತ್ತೇವೆ. ಚರ್ಮದ ಮೇಲಿನ ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ಸ್ಪ್ಲಿಂಟ್ ಬಿಟ್ಟು ನಮ್ಮ ಹತ್ತಿರ ಬರಬೇಕು.

ಮಕ್ಕಳ ಸಾಮಾನು ಮಾತ್ರ ನಮಗೆ ಅಗ್ಗ. ತೊಗರಿಯ ನಾಡು ನಮ್ಮದು. ದೊಡ್ಡ ಬುಟ್ಟಿಯಲ್ಲಿ ತೊಗರಿ ಬೇಳೆ ತುಂಬಿ ಅದರೊಳಗೆ ಸಣ್ಣ ಆಟಿಕೆ ಮುಚ್ಚಿಡುತ್ತೇವೆ. ಕೈಗೆ ಏನೂ ತಾಗಿಸಿಕೊಳ್ಳದ ಮಗು ನಿಧಾನವಾಗಿ ಬೆರಳಿಳಿಸಿ ಹುಡುಕುತ್ತದೆ. ಬೇಳೆ, ಕಡಲೆ ಬೇರೆ ಬೇರೆ ಮಾಡುವುದು ಹೆಬ್ಬೆರಳು ತೋರುಬೆರಳಿಗೆ ಒಳ್ಳೆಯ ಕೆಲಸ, ಪೆನ್ಸಿಲ್ ಹಿಡಿಯುವ ಮೊದಲು ಆ ಹಿಡಿತ ಬರಬೇಕು. ಒಂದೇ ಎಚ್ಚರ, ಮೂಗಿಗೆ ಹಾಕಿಕೊಳ್ಳುತ್ತವೆ. ಕಣ್ಣು ತೆಗೆಯುವ ಹಾಗಿಲ್ಲ.

ಆಳಂದ ತಾಲ್ಲೂಕಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈ ಕೈ ಹಿಡಿತಕ್ಕೆ ಬಾರದ ಸ್ಥಿತಿ, ಇರುವ ಹುಡುಗನನ್ನು ಅವನ ಆಯಿ, ಅಂದರೆ ಅಜ್ಜಿ, ಕರೆತರುತ್ತಾಳೆ. ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರುವ ತನಕ ಆಯಿ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಈಗ ವಾರಕ್ಕೆ ಎರಡು ಸಲ ಬರುತ್ತಾಳೆ. ಸರ್ಕಾರದವರು ಥೆರಪಿಗೆ ಅಂತ ಬಸ್ ಬಿಟ್ಟಿದ್ದಲ್ಲ, ಆದರೆ ನಮ್ಮ ರಿಜಿಸ್ಟರಿನಲ್ಲಿ ಅದರ ಗುರುತು ಕಾಣುತ್ತದೆ. ಬಸ್ ಫ್ರೀ ಆಗಿದ್ದಕ್ಕೆ ಬೈಯುವವರು ಒಮ್ಮೆ ನಮ್ಮ ಬೆಂಚಿನ ಮೇಲೆ ಕೂತು ನೋಡಲಿ. ಆ ಹುಡುಗನಿಗೆ ಪ್ಲೈವುಡ್ಡಿನಲ್ಲಿ ಮೂಲೆ ಕುರ್ಚಿ ಮಾಡಿಸಿದೆವು. ಬೆನ್ನಿಗೆ ಎರಡು ಕಡೆ ಆಸರೆ ಸಿಕ್ಕರೆ ಕೈ ಬಿಡುವಾಗುತ್ತದೆ, ಬೀಳುವ ಹೆದರಿಕೆ ಹೋಗುತ್ತದೆ. ಕಂಪನಿ ಕುರ್ಚಿಯ ಬೆಲೆ ಕೇಳಿ ಆಯಿ ನಕ್ಕಿದ್ದಳು. ಬಡಿಗ ಮರದ ದುಡ್ಡು ಮಾತ್ರ ತಗೊಂಡ. ಈಗ ಹುಡುಗ ಅದರಲ್ಲಿ ಕೂತು ಆಯಿಗೆ ಬೆಳ್ಳುಳ್ಳಿ ಬಿಡಿಸಿಕೊಡುತ್ತಾನೆ. ಅದನ್ನು ಪ್ಲ್ಯಾನಿನಲ್ಲಿ ನಾವು ಬರೆದಿರಲಿಲ್ಲ, ಆಯಿಯೇ ಕೊಟ್ಟ ಕೆಲಸ.

ಹಾಗಾದರೆ ಸೇರಬೇಕಾ ಬೇಡವಾ? ಪಿಯುಸಿಯಲ್ಲಿ ಬಯಾಲಜಿ ಇದ್ದು, ಮನೆಯಲ್ಲಿ ಸ್ವಲ್ಪವಾದರೂ ಶಕ್ತಿ ಇದ್ದರೆ ನನ್ನ ಹಾಗೆ ಅಸಿಸ್ಟೆಂಟ್ ಆಗಲು ಹೊರಡಬೇಡಿ, ಪೂರ್ತಿ ಡಿಗ್ರಿಗೇ ಅರ್ಜಿ ಹಾಕಿ. ಮಣಿಪಾಲದಲ್ಲಿ ಇದೆ. ಕೇಂದ್ರ ಸರ್ಕಾರದ ಸಂಸ್ಥೆಗಳು ಕಟಕ್ ಹತ್ತಿರ, ಕೋಲ್ಕತ್ತಾದಲ್ಲಿ, ದೆಹಲಿಯಲ್ಲಿ ಇವೆ. ದೂರ ನಿಜ, ಆದರೆ ಸರ್ಕಾರಿ ಸಂಸ್ಥೆ ಅನ್ನುವುದು ನೆನಪಿರಲಿ. ವಿಶೇಷ ಶಿಕ್ಷಣದ ಕಡೆ ಮನಸ್ಸಿದ್ದರೆ ಸಿಕಂದರಾಬಾದಿನ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿ ನಮಗೆ ಬೆಂಗಳೂರಿಗಿಂತ ಹತ್ತಿರ. ಕರ್ನಾಟಕದಲ್ಲೇ ಸೀಟು ನೋಡುವವರು ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಸರ್ಟಿಫಿಕೇಟನ್ನು ಎಸಿ (ಸಹಾಯಕ ಆಯುಕ್ತರ) ಆಫೀಸಿನಿಂದ ಈಗಲೇ ಮಾಡಿಸಿಟ್ಟುಕೊಳ್ಳಿ, ಕೌನ್ಸೆಲಿಂಗ್ ಬಂದಾಗ ಓಡಾಡಬೇಡಿ. ದುಡ್ಡೂ ಇಲ್ಲ, ಊರು ಬಿಡಲೂ ಆಗುವುದಿಲ್ಲ, ಆದರೆ ಕೆಲಸ ಇಷ್ಟ ಅನ್ನುವವರಿಗೆ ನಾನು ಬಂದ ದಾರಿ ಇದೆ. ಆಗ ನೀವು ಸೇರುವ ಸೆಂಟರಿನಲ್ಲಿ ಡಿಗ್ರಿ ಇರುವ ಥೆರಪಿಸ್ಟ್ ನಿಜವಾಗಿ ಕೂರುತ್ತಾರಾ, ವಾರಕ್ಕೆ ಎಷ್ಟು ದಿನ, ನಿಮ್ಮ ನೋಟ್ಸ್ ಓದಿ ಸಹಿ ಮಾಡುತ್ತಾರಾ ಅಂತ ಸಂಬಳದ ಮಾತಿಗಿಂತ ಮೊದಲು ಕೇಳಿ.

ಯಾವ ಫಾರ್ಮ್ ತುಂಬುವ ಮೊದಲೂ ಒಂದು ಬೆಳಗ್ಗೆ ಬಂದು ಕೂತು ನೋಡಿ. ಮೇಡಂ ಒಪ್ಪಿದ್ದಾರೆ, ರೋಗಿಗಳನ್ನೂ ಕೇಳಿಯೇ ಒಳಗೆ ಕೂರಿಸುತ್ತೇವೆ. ಶನಿವಾರ ಮಕ್ಕಳು ಜಾಸ್ತಿ, ಮಂಗಳವಾರ ಲಕ್ವಾದವರು ಜಾಸ್ತಿ. ಮೊಬೈಲ್ ಹೊರಗಿಡಬೇಕು. ಬಳೆ, ಉದ್ದದ ಓಲೆ ಬೇಡ, ಮಕ್ಕಳು ಜಗ್ಗುತ್ತಾರೆ. ಓಢಣಿ ಪಿನ್ ಮಾಡಿಕೊಂಡು ಬನ್ನಿ. ಮಧ್ಯಾಹ್ನದ ಬುತ್ತಿ ತಂದುಕೊಳ್ಳಿ, ನಮ್ಮ ಸೆಂಟರಿನ ಹತ್ತಿರ ಒಳ್ಳೆ ಖಾನಾವಳಿ ಇಲ್ಲ.